ಅರಸನ ತಂದೆಯ ಹೆಸರು

ಆಬಾನ್ ತಿಂಗಳ ೧೪, ಮಂಗಳವಾರ

ಇವತ್ತು ಪರ್ಸೆಪೋಲಿಸ್‌ನಲ್ಲಿ ಪ್ರವಾಸಿಗರಿಗೆ ಅರಸ ಕ್ಸೆರ್ಕ್ಸಿಸನ ಶಾಸನ ಓದಿ ಹೇಳುವಾಗ ತಪ್ಪಿದೆ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ‘ನಾನು ಕ್ಸೆರ್ಕ್ಸಿಸ್, ಮಹಾರಾಜ, ರಾಜರ ರಾಜ, ನಾಡುಗಳ ರಾಜ’ ಎಂದವಳು ಅಲ್ಲಿಗೇ ನಿಲ್ಲಿಸಿ ಮುಂದೆ ನಡೆದೆ.

ಕಾವಲಿನ ಯದುಲ್ಲಾ ಕಾಕ ಬಿಡಲಿಲ್ಲ. “ಏನಮ್ಮ ಮಾಹ್‌ರುಖ್, ಅವರಪ್ಪನ್ನ ಎಲ್ಲಿ ಬಿಟ್ಟೆ? ‘ದಾರಿಯಸನ ಮಗ’ ಅನ್ನಲೇ ಇಲ್ವಲ್ಲ. ರಾಜ ಕೇಳಿಸ್ಕೊಂಡಿದ್ರೆ ನಿನ್ನ ಕೆಲಸ ಹೋಗ್ತಿತ್ತು.” ಆಮೇಲೆ ಏನೋ ನೆನಪಾಗಿ ತಲೆಯ ಟೋಪಿ ತೆಗೆದರು.

ನಿನ್ನೆ ನನ್ನ ಅಪ್ಪ ಹೋಗಿ ನಲವತ್ತನೇ ದಿನ. ನೆಂಟರು ಹಲ್ವಾ ತಿಂದು, ಅತ್ತು, ಹೊರಟುಹೋದರು. ಆ ಶಾಸನವನ್ನು ನನಗೆ ಬಾಯಿಪಾಠ ಮಾಡಿಸಿದ್ದು ಅಪ್ಪನೇ.

ಈಗ ಜೋರಾಗಿ ಹೇಳಿ ನೋಡಿದೆ. ನಾನು ಮಾಹ್‌ರುಖ್, ಎರಡು ಕೋಣೆಗಳ ರಾಣಿ, ಒಂದು ಚಹಾ ಸಮೋವರಿನ ರಾಣಿ, ನುಸ್ರತುಲ್ಲಾನ ಮಗಳು.

ಈ ಸಲ ಏನೂ ಬಿಡಲಿಲ್ಲ. ಸರಿಯಾಯಿತು ಎನ್ನಲು ಮನೆಯಲ್ಲಿ ಯಾರೂ ಇಲ್ಲ.