ಅಮ್ಮನ ಹೆಬ್ಬೆರಳು

ಮಂಗಳವಾರ, ಸಂಜೆ

ಪ್ರೀತಿಯ ಮರಿ,

ಮೈಯೆಲ್ಲ ಉರಿಯುತ್ತಿದ್ದರೂ ‘ಪ್ರೀತಿಯ’ ಎಂದೇ ಬರೆಯುತ್ತಿದ್ದೇನೆ. ತಮ್ಮನಿಗೆ ಬೇರೆ ಥರ ಬರೆದು ನನಗೆ ರೂಢಿಯಿಲ್ಲ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ನಿನ್ನೆ ಹರಾಜು ಕಂಪನಿಯವರು ಒಂದು ಚಿತ್ರವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಅಸಲಿಯೋ ನಕಲಿಯೋ ಹೇಳಿ, ಆಮೇಲೆ ಬೆಲೆ ಕಟ್ಟುತ್ತೇವೆ ಎಂದರು. ಸುತ್ತಿದ ಬಟ್ಟೆ ಬಿಚ್ಚಿದರೆ ಅಮ್ಮ. ಕಿಟಕಿಯ ಪಕ್ಕ ಕೂತು ಬಟಾಣಿ ಸುಲಿಯುತ್ತಿರುವ ಅಮ್ಮ. ಅಪ್ಪ ಬರೆದದ್ದು, ಅಮ್ಮನ ಊಟದ ಕೋಣೆಯ ಗೋಡೆಯ ಮೇಲೆ ಇರಬೇಕಾದದ್ದು.

ಯಾರೋ ನಕಲು ಹೊಡೆದಿದ್ದಾರೆ ಎಂದು ಮೊದಲು ನಕ್ಕೆ. ಆಮೇಲೆ ಭೂತಗನ್ನಡಿ ಹಿಡಿದೆ. ಬಣ್ಣದ ಬಿರುಕುಗಳು ಹಳೇ ಚಿತ್ರದಲ್ಲಿರುವಂತೆ ತಳದವರೆಗೂ ಇಳಿದಿದ್ದವು, ಮೇಲೆ ಮೇಲೆ ಗೀರಿದ್ದಲ್ಲ. ಹಿಂಬದಿಯಲ್ಲಿ ತೇಪೆ ಇತ್ತು. ಚಿಕ್ಕವಳಿದ್ದಾಗ ನಾನು ಚೆಂಡೆಸೆದು ಹರಿದ ಜಾಗಕ್ಕೆ ಅಪ್ಪ ಬೈಯುತ್ತಲೇ ಹಚ್ಚಿದ ತೇಪೆ.

ಕೆಲಸ ಬಿಟ್ಟು ಅಮ್ಮನ ಮನೆಗೆ ಓಡಿದೆ. ಗೋಡೆಯ ಮೇಲೂ ಅದೇ ಚಿತ್ರ! ಶುಚಿ ಮಾಡಿಸಿ ಕೊಡುತ್ತೇನೆಂದು ಹೋದ ವರ್ಷ ನೀನು ಒಯ್ದು, ತಂದು ತೂಗುಹಾಕಿದ್ದು. ಬೆಳಕು, ಬುಟ್ಟಿ, ಕುತ್ತಿಗೆಯ ನೆರಳು, ಎಲ್ಲ ತದ್ರೂಪು. ಇಷ್ಟು ದಿನ ನನ್ನ ಕಣ್ಣಿಗೇ ಮಣ್ಣೆರಚಿದ್ದೀಯ, ಭೇಷ್. ಆದರೆ ನಿನ್ನೆ ಹೆಬ್ಬೆರಳು ನೋಡಿದೆ. ಬಾಗಿಲ ಸಂದಿಗೆ ಸಿಕ್ಕಲಿದ್ದ ನಿನ್ನ ಪುಟ್ಟ ಕೈಯನ್ನು ತಪ್ಪಿಸಲು ಹೋಗಿ ಅಮ್ಮ ಜಜ್ಜಿಕೊಂಡ, ಆಗಿನಿಂದ ಸೊಟ್ಟಗಾಗಿಯೇ ಉಳಿದ ಹೆಬ್ಬೆರಳು. ಅಪ್ಪ ಆ ಚಿತ್ರ ಬರೆದದ್ದು ಅದಾದ ಮೇಲೆ, ಆದರೂ ಬೆರಳನ್ನು ನೆಟ್ಟಗೆ, ಚೆಂದ ಮಾಡಿಯೇ ಬರೆದಿದ್ದರು. ನೀನು ಸೊಟ್ಟಗೆ ಬರೆದಿದ್ದೀಯ. ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು. ನಿನ್ನ ಕೈಗೆ ಅಮ್ಮನ ಬೆರಳು ಹಾಗೆಯೇ ಬರುತ್ತದೆ.

ಸ್ವಂತದ್ದೇನೂ ಇಲ್ಲ, ಬರೀ ನಕಲು ಮಾಡುವವನು ಎಂದು ಅಪ್ಪ ಎಲ್ಲರೆದುರು ನಿನ್ನನ್ನು ಆಡಿಕೊಂಡದ್ದು ಇನ್ನೂ ಚುಚ್ಚುತ್ತಿರಬೇಕು. ಅದಕ್ಕೆ ಅಮ್ಮನ ಗೋಡೆಯಿಂದ ಕದಿಯುವುದೇ? ನಾನು ಅಸಲಿ ಎಂದು ಬರೆದರೆ ಚಿತ್ರ ಯಾರದ್ದೋ ಪಾಲಾಗುತ್ತದೆ. ನಕಲಿ ಎಂದರೆ ಇಷ್ಟು ವರ್ಷದ ನನ್ನ ಮಾತಿಗೆ ಅರ್ಥವಿಲ್ಲ. ಕದ್ದ ಮಾಲು ಎಂದರೆ ನೀನು ಪೊಲೀಸ್ ಠಾಣೆಯಲ್ಲಿರುತ್ತೀಯ. ರಾತ್ರಿಯೆಲ್ಲ ನಿದ್ದೆಯಿಲ್ಲ. ಶುಕ್ರವಾರದೊಳಗೆ ನೀನೇ ಹೋಗಿ ಅದನ್ನು ವಾಪಸ್ ತಗೋ. ಇಲ್ಲದಿದ್ದರೆ ನಿಜ ಹೇಳಿಬಿಡುತ್ತೇನೆ. ಅಮ್ಮನಿಗೆ ಮಾತ್ರ ಸುಳಿವು ಸಿಗಬಾರದು, ಎದೆ ಒಡೆದುಕೊಳ್ಳುತ್ತಾಳೆ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅಮ್ಮನ ಫೋನ್ ಬಂತು. ನಾನು ಗೋಡೆಯ ಮುಂದೆ ಅಷ್ಟು ಹೊತ್ತು ನಿಂತದ್ದನ್ನು ನೋಡಿದ್ದಳಂತೆ. ನೀನು ತಂದುಹಾಕಿದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. “ನಿಮ್ಮಪ್ಪ ನನ್ನ ಕೈನ ಯಾವತ್ತೂ ಸರಿಯಾಗಿ ನೋಡ್ಲೇ ಇಲ್ಲ ಕಣೇ. ಅದನ್ನ ಯಾರು ಬೇಕಾದ್ರೂ ತಗೊಂಡು ಹೋಗ್ಲಿ. ಇದನ್ನ ಮಾತ್ರ ಗೋಡೆಯಿಂದ ಇಳಿಸ್ಬೇಡಿ” ಅಂದಳು. ಫೋನ್ ಎತ್ತೋ, ಮರಿ.