ಧ್ವನಿ ಎರಡು

ಅಡುಗೆಮನೆಯ ಮೇಜಿನಿಂದ,
ಡಿಸೆಂಬರ್ ೭, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಬುಗುರಿಗೆ,

ಮೊದಲು ನಿನ್ನ ತಲೆನೋವಿನ ಸಮಾಚಾರ ಹೇಳು. ಪೆನ್‌ಡ್ರೈವ್ ಜೊತೆ ಕಳಿಸಿದ ಚೀಟಿಯಲ್ಲಿ, ಎರಡು ವಾರದಿಂದ ತಲೆ ಭಾರ, ಎಷ್ಟು ನಿದ್ದೆ ಮಾಡಿದರೂ ಸಾಲದು, ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತದೆ ಎಂದು ಬರೆದು ಕೆಳಗೆ "ಏನಿಲ್ಲ ಬಿಡು" ಎಂದು ಸೇರಿಸಿದ್ದೀಯ. ಏನಿಲ್ಲದಿದ್ದರೆ ಬರೆದದ್ದು ಯಾಕೆ, ಪುಣ್ಯಾತ್ಮ? ಹೊತ್ತಿಗೆ ಸರಿಯಾಗಿ ಊಟ ಮಾಡು, ನೀರು ಕುಡಿ, ಕಣ್ಣು ತೋರಿಸಿಕೊಂಡು ಬಾ. ಆ ನೆಲಮಾಳಿಗೆಯ ರೂಮನ್ನು ನೆನೆಸಿಕೊಂಡರೇ ನನಗೆ ಉಸಿರು ಕಟ್ಟುತ್ತದೆ. ಚೀಟಿಯಲ್ಲಿ ಬರೆದಿರುವ ಪ್ರಕಾರ, ಹೊರಗಿನ ಸದ್ದು ಮೈಕಿಗೆ ಬೀಳಬಾರದೆಂದು ಇರುವ ಒಂದೇ ಕಿಟಕಿಗೆ ಹಾಸಿಗೆ ಅಡ್ಡ ನಿಲ್ಲಿಸಿದ್ದೀಯಂತೆ, ಬಾಗಿಲ ಸಂದಿಗೆಲ್ಲ ಹಳೇಬಟ್ಟೆ ತುರುಕಿದ್ದೀಯಂತೆ, ಈಗ ಚಳಿ ಎಂದು ಗುಜರಿಯಿಂದ ಗ್ಯಾಸ್ ಹೀಟರ್ ಬೇರೆ ತಂದು ಇಟ್ಟುಕೊಂಡಿದ್ದೀಯಂತೆ. ಹೆಗ್ಗಣ ಕೂಡ ತನ್ನ ಬಿಲಕ್ಕೆ ಎರಡು ದಾರಿ ಇಟ್ಟುಕೊಳ್ಳುತ್ತದೆ ಕಣೋ.

ಫೋನ್ ಆಫ್ ಮಾಡಿಟ್ಟಿದ್ದೀಯ, ಸರಿ. ಆನ್ ಇದ್ದರೂ ನೀನು ಎತ್ತುವವನಲ್ಲ, ಎತ್ತಿದರೂ "ಹಲೋ" ಎನ್ನುವುದಕ್ಕೆ ಪಡುವ ಪಾಡು ನನಗೆ ಗೊತ್ತು. ಹಾಗಾಗಿಯೇ ನಮ್ಮಿಬ್ಬರ ನಡುವೆ ಚಿಕ್ಕಂದಿನಿಂದ ಕಾಗದ. ಒಂದೇ ಮನೆಯಲ್ಲಿದ್ದಾಗಲೂ ನೀನು ನನ್ನ ದಿಂಬಿನ ಕೆಳಗೆ ಚೀಟಿ ಇಡುತ್ತಿದ್ದೆ, "ಅಕ್ಕ, ನಿನ್ನ ಪೆನ್ನು ಮುರಿದವನು ನಾನೇ" ಅಂತ. ಹತ್ತನೇ ತಾರೀಕು ಹಾಡಿನ ಕಂಪನಿಯವರಿಗೆ ಆಲ್ಬಮ್ ಒಪ್ಪಿಸಬೇಕು, ನೀನು ಸರಿ ಅಂದರೆ ಮಾತ್ರ ಕೊಡುತ್ತೇನೆ, ಇಲ್ಲದಿದ್ದರೆ ಎಲ್ಲ ಅಳಿಸಿಹಾಕುತ್ತೇನೆ ಎಂದಿದ್ದೀಯ. ಎಂಥ ಭಾರ ಹೊರಿಸಿದೆಯೋ! ನಾಲ್ಕು ವರ್ಷದ ನಿನ್ನ ಕೆಲಸ ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದ ಮೇಲೆ ನಾನು ಸುಮ್ಮನೆ "ಚೆನ್ನಾಗಿದೆ" ಎಂದು ಜಾರಿಕೊಳ್ಳುವ ಹಾಗಿಲ್ಲ. ಗುರುವಾರ ಪೊಟ್ಟಣ ಬಂದಾಗಿನಿಂದ ಕೇಳಿದ್ದೇ ಕೇಳಿದ್ದು.

ರ್ಯಾಪ್ ಎಂದರೆ ಬೆರಳು ಚಾಚಿಕೊಂಡು ಕಂಡವರನ್ನೆಲ್ಲ ಬೈಯುವುದು ಎಂದು ನಾನು ತಿಳಿದಿದ್ದೆ. ನಿನ್ನ ಎರಡನೇ ಹಾಡು ಕೇಳಿದಾಗ ತಿಳಿದದ್ದು ಸರಿಯಾಗಿಯೇ ಇದೆ ಅನ್ನಿಸಿತು. ಯಾವ ಕಾರು, ಯಾವ ಬಂಗಲೆ? ಸೈಕಲ್ಲಿನ ಚೈನು ಹಾಕಿಕೊಳ್ಳಲು ಬರದೆ ನಿನ್ನ ಭಾವನ ಗ್ಯಾರೇಜಿಗೆ ತಳ್ಳಿಕೊಂಡು ಬಂದವನು ನೀನು. ಆ ಹಾಡನ್ನು ತೆಗೆದುಬಿಡು, ಅದು ನಿನ್ನ ಬಾಯಿಗೆ ಒಗ್ಗುವುದಿಲ್ಲ. ಮೂರನೆಯದರಲ್ಲಿ ತಾಳ ಮಾತನ್ನು ನುಂಗಿಹಾಕಿದೆ. ಮೊದಲನೆಯದು, ನಿನ್ನ ಹಿಂದಿನ ರೂಮಿನ ಲಿಫ್ಟಿನ ಮೇಲಿನದು, ಮಾತ್ರ ನನ್ನನ್ನು ನಗಿಸಿತು: "ಲಿಫ್ಟು ಕೆಟ್ಟು ವರ್ಷ ಆಯ್ತು, ಮೆಟ್ಟಿಲೇ ನನ್ನ ಮೇಷ್ಟ್ರು, ಏದುಸಿರಲ್ಲೇ ಪಾಠ ಕಲ್ತೆ, ಮಿಕ್ಕಿದ್ದೆಲ್ಲ ವೇಸ್ಟು." ನಿನ್ನ ಭಾವ ಗ್ಯಾರೇಜಿನಲ್ಲೂ ಅದನ್ನೇ ಗುನುಗುತ್ತಿದ್ದಾರಂತೆ. ಆದರೆ ನಾಲ್ಕನೆಯದು, ಆ "ಹಾಜರಿ", ಅದನ್ನು ಕೇಳಿ ನಾನು ಹೆಡ್‌ಫೋನ್ ತೆಗೆದಿಟ್ಟು ಸ್ವಲ್ಪ ಹೊತ್ತು ಅತ್ತೆ. "ಬಾಯಿ ಬಿಡೋಷ್ಟ್ರಲ್ಲಿ ಮುಂದಿನ ಹೆಸ್ರು, ಬೆಂಚಲ್ಲೇ ಕೂತಿದ್ದೆ, ಪುಸ್ತಕದಲ್ಲಿ ಗೈರು." ಕ್ಲಾಸಿನಲ್ಲಿ ನಿನ್ನ ಹೆಸರು ಕೂಗಿದಾಗ ನೀನು ಉಗ್ಗುತ್ತ ಉಗ್ಗುತ್ತ ಉತ್ತರ ಕೊಡುವಷ್ಟರಲ್ಲಿ ಮೇಷ್ಟ್ರು ಮುಂದೆ ಹೋಗಿಬಿಡುತ್ತಿದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಶಾಲೆಗೆ ಚಕ್ಕರ್ ಹೊಡೆಯುತ್ತೀಯ ಎಂದು ಅಮ್ಮನ ಹತ್ತಿರ ಚಾಡಿ ಹೇಳಿದವಳು ನಾನು. ತಪ್ಪಾಯಿತು ಕಣೋ.

ಇನ್ನು ಹೇಳಲೋ ಬೇಡವೋ ಎಂದು ಮೂರು ದಿನದಿಂದ ಒದ್ದಾಡುತ್ತಿರುವ ವಿಷಯ. ನನ್ನ ಕೆಲಸ ನಿನಗೆ ಗೊತ್ತಲ್ಲ. ವಿಚಾರಣೆಗಳ ರೆಕಾರ್ಡಿಂಗನ್ನು ಕಿವಿಗೆ ಹಾಕಿಕೊಂಡು, ಕಾಲಿನಲ್ಲಿ ಪೆಡಲ್ ಒತ್ತಿ ನಿಲ್ಲಿಸುತ್ತ, ಕೇಳಿಸಿದ್ದನ್ನೆಲ್ಲ ಟೈಪ್ ಮಾಡುವುದು. ಕೆಮ್ಮಿದರೆ ಕೆಮ್ಮು, ಕುರ್ಚಿ ಎಳೆದರೆ ಕುರ್ಚಿ. ಹೆಸರು ಹಾಕುವುದಿಲ್ಲ, ಧ್ವನಿ ಒಂದು, ಧ್ವನಿ ಎರಡು, ಅಷ್ಟೇ. ಹತ್ತೊಂಬತ್ತು ವರ್ಷದ ಚಾಳಿ, ಹಾಳಾದ್ದು ಮನೆಗೂ ಬರುತ್ತದೆ. ನಿನ್ನ ಹಾಡುಗಳನ್ನೂ ಹಾಗೇ ಟೈಪ್ ಮಾಡಲು ಕೂತೆ. ಮೊದಲ ಹಾಡಿನಲ್ಲಿ ಧ್ವನಿ ಒಂದು ಮಾತ್ರ. ಎರಡು, ಮೂರರಲ್ಲೂ ಅಷ್ಟೇ. "ಹಾಜರಿ"ಯಲ್ಲಿ, ನೀನು ಸಾಲು ಹಿಡಿಯುವ ಮುಂಚೆ ಒಂದು ಉಸಿರು ಕೇಳಿಸಿತು. ನಿನ್ನದೇ ಇರಬೇಕು ಎಂದುಕೊಂಡೆ. ಆದರೆ ಅದರ ಹಿಂದೆಯೇ ನಿನ್ನ ಉಸಿರೂ ಬಂತು. ಒಬ್ಬ ಮನುಷ್ಯನಿಗೆ, ಎಳೆದದ್ದನ್ನು ಬಿಡದೆ, ಎರಡು ಸಲ ಪೂರ್ತಿ ಉಸಿರು ಎಳೆದುಕೊಳ್ಳಲು ಆಗುವುದಿಲ್ಲವಲ್ಲ. ಐದನೆಯದರಲ್ಲಿ ಆ ಉಸಿರಿನ ಜೊತೆ ಮಾತಿತ್ತು. ಬರೀ ಪಿಸುಮಾತು, ಸಾಲಿನ ಮೊದಲ ಎರಡು ಪದ, ಆಮೇಲೆ ನೀನು ಅದೇ ಎರಡು ಪದದಿಂದ ಶುರುಮಾಡಿ ಗಿರ್ರನೆ ಹೊರಡುತ್ತೀಯ. ನನ್ನ ಬೆರಳು ತಾನಾಗಿ ಟೈಪ್ ಮಾಡಿತು: ಧ್ವನಿ ಎರಡು.

ಅದು ಯಾರ ಪಿಸುಮಾತು ಎಂದು ನಿನಗೆ ಬಿಡಿಸಿ ಹೇಳಬೇಕೇ? ಮೂಗಿನಿಂದ ಒಂದು ಗಿಡ್ಡ ಉಸಿರು, ಆಮೇಲೆ ಎರಡು ಪದ. ಇಪ್ಪತ್ತಾರು ವರ್ಷ ನಾಟಕ ಕಂಪನಿಯಲ್ಲಿ ಪರದೆಯ ಮರೆಗೆ ನಿಂತು, ಮರೆತವರಿಗೆ ಮಾತು ಹೇಳಿಕೊಟ್ಟವಳ ಉಸಿರು. ಮನೆಯಲ್ಲೂ ಅದೇ ಕೆಲಸ. ನೆಂಟರು ಬಂದಾಗ ನೀನು ಬಾಯಿ ತೆರೆದು ನಿಂತುಬಿಟ್ಟರೆ ಅಮ್ಮ ನಿನ್ನ ಬೆನ್ನ ಹಿಂದಿನಿಂದ ಮೊದಲ ಪದ ಪಿಸುಗುಟ್ಟುತ್ತಿದ್ದಳು, ನಿನ್ನ ಮಾತು ಸರಾಗ ಹರಿಯುತ್ತಿತ್ತು. "ಇವನು ನಮ್ಮ ಬುಗುರಿ, ದಾರ ಎಳೆದುಬಿಟ್ರೆ ಸಾಕು, ತಾನೇ ತಿರುಗ್ತಾನೆ" ಎನ್ನುತ್ತಿದ್ದಳು. ಅವಳು ಹೋಗಿ ಮುಂದಿನ ತಿಂಗಳಿಗೆ ನಾಲ್ಕು ವರ್ಷ. ಹಳೇ ಕ್ಯಾಸೆಟ್ಟಿನಿಂದ ಎತ್ತಿ ಸೇರಿಸಿದ್ದೀಯಾ ಎಂದು ಕೇಳೋಣವೆಂದರೆ ಅಮ್ಮನ ಧ್ವನಿ ಯಾವ ಕ್ಯಾಸೆಟ್ಟಿನಲ್ಲಿದೆ? ತನ್ನ ಧ್ವನಿ ಸಭೆಗೆ ಕೇಳಿಸಿದ ದಿನ ತನ್ನ ಕೆಲಸ ಕೆಟ್ಟಿತು ಎಂದು ತಿಳಿದಿದ್ದ ಹೆಂಗಸು ಅವಳು. ಅಷ್ಟೂ ಅಲ್ಲದೆ ಈ ಸಾಲುಗಳನ್ನು ನೀನು ಬರೆದದ್ದೇ ಹೋದ ತಿಂಗಳು.

ನನಗೇ ತಲೆ ಕೆಟ್ಟಿದೆ ಎಂದುಕೊಂಡು ಶುಕ್ರವಾರ ಊಟದ ಬಿಡುವಿನಲ್ಲಿ ಒಂದು ಕೆಲಸ ಮಾಡಿದೆ. ನಮ್ಮಲ್ಲಿ ಒಂದೇ ರೆಕಾರ್ಡಿಂಗನ್ನು ಇಬ್ಬರು ಬೇರೆ ಬೇರೆ ಕೂತು ಟೈಪ್ ಮಾಡಿ, ಕೊನೆಗೆ ಎರಡನ್ನೂ ಪಕ್ಕ ಇಟ್ಟು ತಾಳೆ ನೋಡುವ ಪದ್ಧತಿ ಇದೆ. ನನ್ನ ಎದುರಿನ ಮೇಜಿನ ದಪ್ಪ ಕನ್ನಡಕದ ಮೇಡಂಗೆ ಆರನೇ ಹಾಡು ಕೊಟ್ಟು, ಏನೂ ಹೇಳದೆ, ಟೈಪ್ ಮಾಡಿಕೊಡಿ ಎಂದೆ. ಆಕೆ ಅಮ್ಮನನ್ನು ಕಂಡವರಲ್ಲ, ನಿನ್ನನ್ನೂ ಕಂಡವರಲ್ಲ. ಅರ್ಧ ಗಂಟೆಗೆ ಹಾಳೆ ಬಂತು. ನನ್ನದರ ಪಕ್ಕ ಇಟ್ಟೆ. ಸಾಲಿಗೆ ಸಾಲು ಸರಿಹೋಯಿತು. ಧ್ವನಿ ಎರಡು ಎಂಬುದರ ಮುಂದೆ ಆಕೆ ಕಂಸ ಹಾಕಿ "ವಯಸ್ಸಾದ ಹೆಂಗಸು, ಪಿಸುಮಾತು, ಮೈಕಿಗೆ ಬಹಳ ಹತ್ತಿರ" ಎಂದು ಬರೆದಿದ್ದರು. ಹೆಡ್‌ಫೋನ್ ಸುತ್ತಿಡುತ್ತ, "ಪಾಪ, ಎಷ್ಟು ತಾಳ್ಮೆಯಿಂದ ಹೇಳಿಕೊಡ್ತಾರೆ ಕಣ್ರೀ ಆ ಅಮ್ಮ, ಹುಡುಗನಿಗೆ ಏನಾಗ್ತಾರೆ?" ಎಂದರು. ಟೀ ಕುಡಿದು ಬರುತ್ತೇನೆ ಎಂದು ಎದ್ದುಹೋದೆ.

ಹೆದರಿಕೊಂಡೆನಾ ಎಂದರೆ ಹೌದು, ಹೆದರಿಕೊಂಡೆ. ಆದರೆ ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚೂ ಆಯಿತು. ನಾಲ್ಕು ವರ್ಷದಲ್ಲಿ ನನ್ನ ಕಿವಿಯ ಹತ್ತಿರ ಒಂದು ದಿನವೂ ಬರದವಳು ನಿನ್ನ ಮೈಕಿನ ಮುಂದೆ ಬಂದು ನಿಂತಿದ್ದಾಳೆ, ಮೊದಲಿನಿಂದಲೂ ಮಗನ ಕಡೆಯೇ ಅವಳು. ಚೀಟಿಯಲ್ಲಿ ನೀನೇ ಬರೆದಿದ್ದೀಯ, "ಅಕ್ಕ, ರೂಮಲ್ಲಿ ನಾನೊಬ್ಬನೇ, ಆದರೂ ಈ ಸಲ ಯಾರೋ ಕೈಹಿಡಿದು ನಡೆಸಿದ ಹಾಗೆ ಒಂದೇ ಸಲಕ್ಕೆ ಬಂತು" ಎಂದು. ನಿನಗೆ ಕೇಳಿಸಿಲ್ಲ ಎಂದಾಯಿತು.

ಕೊನೆಯದಾಗಿ ಏಳನೇ ಹಾಡು. ಆಲ್ಬಮ್ಮಿನಲ್ಲಿ ಎದ್ದು ಕಾಣುವ ದೊಡ್ಡ ತಪ್ಪು ಇದೊಂದೇ, ಹಾಗಾಗಿ ಗಮನವಿಟ್ಟು ಓದು. ಇದರಲ್ಲಿ ನಿನ್ನ ಬಾಯಿ ಯಾಕೋ ಭಾರ. ಪದಗಳು ಕಾಲೆಳೆಯುತ್ತವೆ, ತಾಳ ಮುಂದೆ ಹೋಗಿ ನಿನಗಾಗಿ ಕಾಯುತ್ತದೆ. ಧ್ವನಿ ಎರಡು ಇಲ್ಲಿ ಪಿಸುಮಾತೇ ಅಲ್ಲ, ಗಟ್ಟಿಯಾಗಿಯೇ ಇದೆ. ನಡುವೆ ಹನ್ನೊಂದು ಸೆಕೆಂಡು ನೀನು ಸುಮ್ಮನಾಗಿಬಿಡುತ್ತೀಯ. ಆ ಖಾಲಿಯಲ್ಲಿ ಅವಳು ಸಾಲು ಎತ್ತಿಕೊಡುತ್ತಾಳೆ, "ಕಿಟಕಿ ತೆಗಿ". ನೀನು ಹಿಡಿಯುವುದಿಲ್ಲ. ಮತ್ತೆ, "ಕಿಟಕಿ ತೆಗಿ". ಮೂರನೇ ಸಲ, "ಕಿಟಕಿ ತೆಗಿಯೋ ಬುಗುರಿ". ನೀನು ಬೇರೆ ಯಾವುದೋ ಸಾಲಿನಿಂದ ಶುರುಮಾಡಿ ಹಾಡು ಮುಗಿಸುತ್ತೀಯ. ಬರೆದ ಸಾಲನ್ನು ಮರೆತಿದ್ದೀಯ ಅನ್ನಿಸುತ್ತದೆ. ಆ ಜಾಗ ಇನ್ನೊಮ್ಮೆ ರೆಕಾರ್ಡ್ ಮಾಡು, ಹನ್ನೊಂದು ಸೆಕೆಂಡು ಕೇಳುವವರು ಕಾಯುವುದಿಲ್ಲ.

ಇಷ್ಟೇ ನನ್ನ ಅಭಿಪ್ರಾಯ. ಎರಡನೆಯದನ್ನು ತೆಗೆ, ಏಳನೆಯದನ್ನು ಸರಿಮಾಡು, ಮಿಕ್ಕದ್ದನ್ನು ಕಣ್ಣು ಮುಚ್ಚಿಕೊಂಡು ಕೊಟ್ಟುಬಿಡು. ಅಮ್ಮನ ಧ್ವನಿಯನ್ನು ಅಳಿಸಬೇಡ. ನಿನ್ನ ಭಾವ ನಿನ್ನನ್ನು ನೆನೆಸಿಕೊಂಡರು, ಸೈಕಲ್ ಚೈನು ಹೇಗಿದೆ ಎಂದು ಕೇಳಲು ಹೇಳಿದರು. ನೀನು ಹಾಡಿದ ಮಾತು ದೊಡ್ಡ ದೊಡ್ಡವರ ಕಿವಿಗೆ ಬೀಳಲಿ, ಯಾರ ಮುಂದೆಯೂ ನಿನ್ನ ನಾಲಗೆ ತಡೆಯದಿರಲಿ.

ನಿನ್ನ ಚಾಡಿಕೋರ
ಅಕ್ಕ

ಮರೆತದ್ದು: ಬುಗುರಿ, ಲಕೋಟೆಗೆ ಹಾಕುವ ಮುಂಚೆ ನೀನು ಕಳಿಸಿದ್ದ ಹಾಡಿನ ಹಾಳೆಗಳನ್ನು ತಾಳೆ ನೋಡಿದೆ. ಏಳನೇ ಹಾಡಿನಲ್ಲಿ ಕಿಟಕಿಯ ಸಾಲೇ ಇಲ್ಲ. ಯಾವ ಹಾಡಿನಲ್ಲೂ ಇಲ್ಲ. ಹಾಳೆಯಲ್ಲಿ ಇಲ್ಲದ ಮಾತನ್ನು ಅಮ್ಮ ಹೇಳಿಕೊಟ್ಟವಳಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಹೇಳಿದ್ದಳು, ನೆನಪಿದೆಯಾ? ರಾಜನ ಪಾತ್ರದವರ ನೆತ್ತಿಯ ಮೇಲೆ ದೀಪದ ಕಂಬಿ ಸಡಿಲವಾಗಿದ್ದನ್ನು ಕಂಡು "ಹಿಂದೆ ಸರಿ" ಎಂದಳು, ಆ ಮಹಾನುಭಾವರು ಅದೂ ನಾಟಕದ ಮಾತೇ ಎಂದುಕೊಂಡು "ಹಿಂದೆ ಸರಿ!" ಎಂದು ಗರ್ಜಿಸಿ ತಾವೂ ಸರಿದರು, ಕಂಬಿ ಅವರು ನಿಂತಿದ್ದ ಜಾಗಕ್ಕೇ ಬಿತ್ತು. ಜನ ಚಪ್ಪಾಳೆ ಹೊಡೆದರು. ನಾವು ಎಷ್ಟು ವರ್ಷ ನಕ್ಕಿದ್ದೇವೆ ಅದಕ್ಕೆ. ಈಗ ನಿನ್ನ ಭಾವ ಕೈ ಒರೆಸಿಕೊಳ್ಳುತ್ತ ಬಂದು ಮೇಜಿನ ಮೇಲಿದ್ದ ನಿನ್ನ ಚೀಟಿ ಓದಿದರು. "ಮುಚ್ಚಿದ ರೂಮಲ್ಲಿ ಗ್ಯಾಸ್ ಹೀಟರಾ? ಅದಕ್ಕೇ ತಲೆನೋವು, ಅದಕ್ಕೇ ನಿದ್ದೆ! ಶಟರ್ ಹಾಕಿ ಇಂಜಿನ್ ಓಡಿಸಬಾರದು ಅಂತ ಗ್ಯಾರೇಜಲ್ಲಿ ಬಡ್ಕೋತೀನಲ್ಲ, ಅದೇ ವಿಷಗಾಳಿ ಕಣೇ, ವಾಸನೇನೂ ಬರಲ್ಲ" ಎಂದರು. ಅವರು ಗಾಡಿ ತರಲು ಓಡಿದ್ದಾರೆ. ನಿನ್ನ ಮನೆ ಮಾಲೀಕರಿಗೆ ಫೋನ್ ಮಾಡಿದೆ, ಅವರು ಊರಲ್ಲಿಲ್ಲ, ಕಿಟಕಿಯ ಗಾಜು ಒಡೆಯಲು ಪಕ್ಕದ ಬೇಕರಿಯವರಿಗೆ ಹೇಳುತ್ತೇನೆ ಎಂದಿದ್ದಾರೆ, ತಿರುಗಿ ಫೋನ್ ಬಂದಿಲ್ಲ. ನೀನು ಬಟ್ಟೆ ತುರುಕಿದ ಹಾಗೆಲ್ಲ, ಹೀಟರ್ ಹಚ್ಚಿದ ಹಾಗೆಲ್ಲ ಅವಳ ಧ್ವನಿ ಏರುತ್ತ ಬಂದಿದೆ, ನಾನು ಕತ್ತೆ, ಕೂತು ಸೆಕೆಂಡು ಎಣಿಸಿದೆ. ಫೈಲಿನ ತಾರೀಕು ನೋಡಿದರೆ ಏಳನೇ ಹಾಡು ರೆಕಾರ್ಡ್ ಆಗಿ ಇವತ್ತಿಗೆ ಆರು ದಿನ. ಹಾಡು ನಿಲ್ಲಿಸಿದ್ದೇನೆ, ಹೆಡ್‌ಫೋನ್ ಮೇಜಿನ ಮೇಲೆ ಬಿದ್ದಿದೆ, ಆದರೂ ಆ ಗಿಡ್ಡ ಉಸಿರು ನನ್ನ ಬಲಗಿವಿಯ ಹತ್ತಿರ ಕೇಳಿಸುತ್ತಿದೆ. ಈ ಕಾಗದ ಪೋಸ್ಟಿಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಹಾರ್ನ್ ಆಯಿತು. ಬಾಗಿಲಿಗೆ ಬಂದು ನಿನ್ನ ಹೆಸರು ಕೂಗುತ್ತೇನೆ ಕಣೋ. ಉಗ್ಗು, ಎಷ್ಟು ಹೊತ್ತಾದರೂ ಆಗಲಿ. ನಾನು ಮುಂದಿನ ಹೆಸರಿಗೆ ಹೋಗುವವಳಲ್ಲ, ನೀನು ಹಾಜರ್ ಅನ್ನುವ ತನಕ ಅಲ್ಲೇ ನಿಂತಿರುತ್ತೇನೆ.