ಎರಡು ಗುಂಡಿನ ಸದ್ದು

ಮಾದಾಪುರ
18 ಡಿಸೆಂಬರ್ 2024

ಪ್ರೀತಿಯ ದೀಕ್ಷಿತಾ,

ಫೋನ್ ಇರುವಾಗ ಅತ್ತಿಗೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ನಿನ್ನ ಅಮ್ಮ ಚೆನ್ನಾಗಿದ್ದಾರೆ. ಫೋನಿನಲ್ಲಿ ನೀನು “ಹೇಗಿದ್ದೀರಿ ಅತ್ತಿಗೆ” ಎಂದೊಡನೆ ನನ್ನ ಬಾಯಿ ತಾನಾಗಿ “ಚೆನ್ನಾಗಿದ್ದೇನೆ” ಎಂದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿಲ್ಲ. ಗರ್ಭಕೋಶ ತೆಗೆಯಲೇಬೇಕು ಎಂದು ಮಡಿಕೇರಿಯ ಡಾಕ್ಟರು ಮಳೆಗಾಲದಲ್ಲೇ ಹೇಳಿದ್ದರು. ಆಮೇಲೆ ಎರಡು ತಿಂಗಳು ಭಾರ ಎತ್ತಬಾರದು. ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸುವುದು, ಮೀಯಿಸುವುದು ಭಾರವಲ್ಲದೆ ಇನ್ನೇನು? ನಿನ್ನ ಅಣ್ಣ ಒಳ್ಳೆಯವರೇ. ಆದರೆ ಬೆಳಕು ಹರಿಯುವ ಮೊದಲೇ ಆಳುಗಳ ಲೆಕ್ಕ ಬರೆಯಲು ಎಸ್ಟೇಟಿಗೆ ಹೊರಡುವ ರೈಟರು. “ತಾಯಿಯನ್ನು ನಾನು ಹೇಗೆ ಮೀಯಿಸಲಿ, ಯಮುನ?” ಎನ್ನುತ್ತಾರೆ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ “ಇದೊಂದೇ ತುತ್ತು, ಬಂಗಾರ” ಎಂದು ಉಣ್ಣಿಸಿ ಬಂದು, ಅದೇ ಮಾತನ್ನು ಅತ್ತೆಗೂ ಹೇಳುತ್ತೇನೆ. ಆಪರೇಷನ್ ಮುಂದೆ ಹೋಗುತ್ತಲೇ ಇದೆ.

ಕಳೆದ ವಾರದ ಸಂಗತಿ ಹೇಳಬೇಕು. ಮಕ್ಕಳಿಗೆ ಬಡಿಸುತ್ತಿದ್ದೆ. ನಮ್ಮ ಮನೆಯ ಕಡೆಯಿಂದ ಒಂದರ ಹಿಂದೆ ಒಂದು ಎರಡು ಗುಂಡಿನ ಸದ್ದು ಕೇಳಿತು. ಹಾಗೆ ಬೆನ್ನುಬೆನ್ನಿಗೆ ಎರಡು ಗುಂಡು ಕೇಳಿದರೆ ಅದು ಸಾವಿನ ಸುದ್ದಿ ಎಂದು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅತ್ತೆ ಹೋದರು ಎಂದುಕೊಂಡೆ. ಅಳು ಬರಲಿಲ್ಲ, ದೀಕ್ಷಿತಾ. ಇನ್ನು ಆಸ್ಪತ್ರೆಗೆ ಹೋಗಬಹುದು ಎಂಬ ಯೋಚನೆ ಬಂತು. ಸೌಟು ಕೆಳಗಿಟ್ಟು ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟೆ. ಆಮೇಲೆ ಓಡಿದೆ.

ಗುಂಡು ಹಾರಿಸಿದವನು ಪಕ್ಕದ ತೋಟದ ಬೋಜಪ್ಪ. ಗದ್ದೆಗಿಳಿದ ಆನೆಯನ್ನು ಹೆದರಿಸಲು ಆಕಾಶಕ್ಕೆ ಹೊಡೆದಿದ್ದ. “ಮೂರನೆಯದೂ ಹೊಡೀಬಾರದಿತ್ತಾ ಮಾರಾಯ!” ಎಂದು ಮಧ್ಯಾಹ್ನದವರೆಗೆ ಮನೆಗೆಲಸಕ್ಕೆ ಬರುವ ಚೋಮಿ ಬೇಲಿಯಾಚೆಗೆ ಬೈಯುತ್ತಿದ್ದಳು. “ಜೋಡಿ ನಳಿಗೆ ಕೋವಿಯಲ್ಲಿ ಮೂರನೆಯದು ಎಲ್ಲಿಂದ ತರಲಿ ಅಕ್ಕ?” ಎಂದು ಅವನು ಕೂಗುತ್ತಿದ್ದ.

ಕಾಫಿ ಒಣಹಾಕಿದ ಕಣದ ಅಂಚಿನಲ್ಲಿ ಅತ್ತೆ ತಲೆಗೂದಲು ಬಿಚ್ಚಿಕೊಂಡು ಅಳುತ್ತಾ ಕೂತಿದ್ದರು. ಗುಂಡಿನ ಸದ್ದು ಅವರಿಗೂ ಕೇಳಿಸಿತ್ತು. ಎಷ್ಟೆಲ್ಲ ಮರೆತರೂ ಅದರ ಅರ್ಥ ಮರೆತಿರಲಿಲ್ಲ.

“ಯಾರು ಹೋದದ್ದು ಅತ್ತೆ?” ಎಂದೆ.

“ನನ್ನ ಸೊಸೆ. ಯಮುನ.”

“ನಾನೇ ಯಮುನ, ಇಲ್ಲೇ ಇದ್ದೇನಲ್ಲ.”

ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನೀವು ಅಂಗನವಾಡಿ ಟೀಚರಲ್ವಾ?” ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, “ಪಾಪ, ಒಂದ್ ದಿನ ಕೂತು ಕಾಫಿ ಕುಡಿದವಳಲ್ಲ ಟೀಚರೇ. ಈಗಾದ್ರೂ ಮಲಗ್ಲಿ. ಯಾರೂ ಎಬ್ಬಿಸ್ಬೇಡಿ” ಎಂದರು.

ಆಗ ನನಗೆ ಅಳು ಬಂತು. ನಾನು ಅವರ ಸಾವಿಗೆ ಉಸಿರು ಬಿಟ್ಟವಳು. ಅವರು ನನ್ನ ಸಾವಿಗೆ ಕೂದಲು ಬಿಚ್ಚಿ ಅತ್ತವರು.

ನಿನಗೂ ಆಫೀಸು, ಮಕ್ಕಳು, ಮಲಗಿದಲ್ಲೇ ಇರುವ ಮಾವ. ಪೊನ್ನಂಪೇಟೆಯ ಆ ಮನೆಯಲ್ಲಿ ನೀನೂ ಕೂರುವುದಿಲ್ಲ ಎಂದು ಬಲ್ಲೆ. ಆದರೂ ಕೇಳುತ್ತಿದ್ದೇನೆ. ಜನವರಿಯಲ್ಲಿ ಬಾ, ಅಥವಾ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಈ ಸಲ “ನೋಡೋಣ ಅತ್ತಿಗೆ” ಎನ್ನಬೇಡ. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದೇ ಬರೆ.

ನಿನ್ನ ಅತ್ತಿಗೆ,
ಯಮುನ

ಮರೆತಿದ್ದೆ: ಅಂದಿನಿಂದ ಅತ್ತೆ ಪ್ರತಿದಿನ ಸಂಜೆ ತಮ್ಮ ಕಾಫಿಯಲ್ಲಿ ಅರ್ಧವನ್ನು ಇನ್ನೊಂದು ಲೋಟಕ್ಕೆ ಸುರಿದು, ತಟ್ಟೆ ಮುಚ್ಚಿ ಜಗಲಿಯಲ್ಲಿ ಇಡುತ್ತಾರೆ. ನಿನ್ನೆ ನಾನು ಅದಕ್ಕೆ ಕೈ ಹಾಕಿದಾಗ, “ಅದು ನನ್ನ ಸೊಸೆಗೆ, ಟೀಚರೇ” ಎಂದು ಕೈಗೆ ಹೊಡೆದರು. ನೀನು ಬಂದಾಗ ಅವರು ನಿನ್ನನ್ನು ಯಮುನ ಎಂದು ಕರೆದರೆ ಅಲ್ಲ ಎನ್ನಬೇಡ. ಅವರ ಎದುರಿಗೆ ಕೂತು, ಆ ಕಾಫಿ ಪೂರ್ತಿ ಕುಡಿ.